ಉರಿಯುವ ನೆತ್ತಿಗೆ ಮದ್ದು ಹೇಳುವ ಮುನ್ನ

ಆ ಹುಡುಗಿ ಯಾವಾಗಲೂ ಎರಡನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. 2022ರ ಡಿಸೆಂಬರ್‌ನಲ್ಲಿ ಒಂದು ಸಂಜೆ ನೋಡುತ್ತೇನೆ, ಕೊನೆಯ ಸಾಲಿನಲ್ಲಿ ಒಬ್ಬಳೇ ಇದ್ದಾಳೆ. ಅವಳ ಕೈ ಪದೇ ಪದೇ ತಲೆವಸ್ತ್ರದೊಳಗೆ ಹೋಗುತ್ತಿತ್ತು. ಏನಾಯಿತೆಂದು ಕೇಳಿದರೆ “ಏನಿಲ್ಲ ಆಪಾ” ಎಂದು ತಲೆ ತಗ್ಗಿಸಿದಳು. ಮುಂದಿನ ಸಾಲಿನ ಹುಡುಗಿಯರು ಮೂಗು ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವಳ ತಲೆಯಿಂದ ಈರುಳ್ಳಿ ವಾಸನೆ ಬರುತ್ತಿತ್ತು.

ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಅವಳನ್ನು ಹತ್ತಿರ ಕೂರಿಸಿಕೊಂಡು ತಲೆವಸ್ತ್ರ ತೆಗೆಸಿದೆ. ನನ್ನ ಎದೆ ಧಸಕ್ಕೆಂದಿತು. ಬೈತಲೆಯ ಎರಡೂ ಬದಿ ಕೆಂಪಗೆ ಬೆಂದಂತಿತ್ತು. ಅಲ್ಲಲ್ಲಿ ಹಳದಿ ಹಕ್ಕಳೆ ಕಟ್ಟಿತ್ತು, ಕೆರೆದು ಕೆರೆದು ಒಂದೆರಡು ಕಡೆ ನೀರು ಒಸರುತ್ತಿತ್ತು. ಹಣೆಯ ಮೇಲ್ಭಾಗದಲ್ಲಿ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ಹದಿಮೂರು ವರ್ಷದ ಹುಡುಗಿ.

“ಯಾರಮ್ಮ ನಿನಗೆ ಈರುಳ್ಳಿ ರಸ ಹಚ್ಚಲು ಹೇಳಿದ್ದು?” ಎಂದೆ.

“ನೀವೇ ಅಲ್ವಾ ಆಪಾ? ಅಮ್ಮಿಗೆ ನೀವೇ ಹೇಳಿದ್ರಂತೆ. ನಿಂಬೆಹಣ್ಣು ಸೇರಿಸಿದ್ರೆ ಹೊಟ್ಟೂ ಹೋಗುತ್ತೆ ಅಂತ ಪಕ್ಕದ ಮನೆ ಖಾಲಾ ಹೇಳಿದ್ರು. ವಾರಕ್ಕೆ ಮೂರು ಸಲ ಹಚ್ತಾರೆ. ತುಂಬಾ ಉರಿಯುತ್ತೆ ಆಪಾ. ಉರಿದ್ರೆ ಒಳ್ಳೆಯದು ಅಂತೀರಂತೆ ನೀವು.”

ಹೌದು, ಹೇಳಿದ್ದು ನಾನೇ. ಅದೇ ಮಾತು, ಅದೇ ಧಾಟಿಯಲ್ಲಿ ಹೇಳಿದ್ದೆ.

ಸಹೋದರಿಯರೇ, ನನ್ನ ತವರು ತರೀಕೆರೆ. ಮದುವೆಯಾಗಿ ಬಂದದ್ದು ಕಡೂರಿಗೆ. ಮದ್ರಸದಲ್ಲಿ ಓದಿ, ಆಮೇಲೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದೆ. ಈಗ ಅಜ್ಜಂಪುರದಲ್ಲಿ ಹಗಲು ಶಾಲೆಯ ಮಕ್ಕಳಿಗೆ ಕನ್ನಡವನ್ನೂ ಸಂಜೆ ಹೆಣ್ಣುಮಕ್ಕಳಿಗೆ ದೀನಿ ಪಾಠವನ್ನೂ ಹೇಳಿಕೊಡುತ್ತೇನೆ. ಹೀಗೆ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುವವಳಿಗೆ ಪರಿಚಯದ ಹೆಂಗಸರು ಬಹಳ. ಟೀಚರ್ ಎಂದರೆ ಎಲ್ಲವೂ ತಿಳಿದಿರುತ್ತದೆ ಎಂಬ ನಂಬಿಕೆ ಬೇರೆ. ಮಗುವಿಗೆ ಕೆಮ್ಮಾದರೂ, ಸೊಸೆಗೆ ಬೆನ್ನುನೋವಾದರೂ “ಆಪಾ, ಏನು ಮಾಡೋದು?” ಎಂದು ಕೇಳುತ್ತಾರೆ. ಕೇಳಿದಾಗ ಗೊತ್ತಿಲ್ಲ ಎನ್ನಲು ನನಗೂ ನಾಲಿಗೆ ಬರುತ್ತಿರಲಿಲ್ಲ.

ಈರುಳ್ಳಿಯ ಕಥೆ ಶುರುವಾದದ್ದು ನನ್ನ ತಲೆಯಿಂದಲೇ. 2021ರಲ್ಲಿ ಈದುಲ್ ಫಿತ್ರ್ ಕಳೆದ ವಾರವೇ ನನಗೆ ಕೊರೋನಾ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದೆ. ಅಲ್ಲಾಹನ ದಯೆಯಿಂದ ಎದ್ದು ಓಡಾಡುವಂತಾದೆ. ಬಕ್ರೀದ್ ಕಳೆದು ಕೆಲವು ದಿನಗಳಿಗೆ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಸ್ನಾನದ ಮನೆಯ ನೀರು ಹೋಗುವ ತೂತು ಕಟ್ಟಿಕೊಳ್ಳುವಷ್ಟು ಕೂದಲು. ಜಡೆ ಅರ್ಧಕ್ಕಿಳಿಯಿತು. ವುಝೂ ಮಾಡುವಾಗ ತಲೆಯ ಮೇಲೆ ಒದ್ದೆ ಕೈ ಸವರಿದರೂ ಬೆರಳಿಗೆ ನಾಲ್ಕೈದು ಎಳೆ ಅಂಟುತ್ತಿದ್ದವು. ಮೊದಲು ನಮ್ಮ ಮನೆಯ ಬೋರ್‌ವೆಲ್ ನೀರನ್ನು ಬೈದೆ. ಹಂಡೆಯ ಒಳಮೈಗೆ ಬಿಳಿ ಸುಣ್ಣದಂತೆ ಗಟ್ಟಿ ಕಟ್ಟುವ ನೀರದು. ಆಮೇಲೆ ಶಾಂಪೂ ಬದಲಿಸಿದೆ. ಕೊನೆಗೆ ಯಾರೋ ಈರುಳ್ಳಿ ರಸ ಎಂದರು. ಅಜ್ಜಂಪುರದ ಕಡೆ ಈರುಳ್ಳಿಗೇನು ಬರ? ಚೀಲಗಟ್ಟಲೆ ಸಿಗುತ್ತದೆ. ವಾರಕ್ಕೆರಡು ಸಲ ರಸ ಹಿಂಡಿ ಹಚ್ಚಿದೆ. ಉರಿಯುತ್ತಿತ್ತು. ಕೆಲಸ ಮಾಡುತ್ತಿದೆ ಎಂದು ಸಹಿಸಿಕೊಂಡೆ. ವರ್ಷದ ಕೊನೆಯ ಹೊತ್ತಿಗೆ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಹೊಸ ಕೂದಲು ಚಿಗುರಿತು.

ಅಂದಿನಿಂದ ನಾನು ಈರುಳ್ಳಿ ರಸದ ಪ್ರಚಾರಕಿಯಾದೆ. ತಾಯಂದಿರ ಸಭೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಯಾರಾದರೂ ಕೂದಲಿನ ಮಾತೆತ್ತಿದರೆ ಸಾಕು, “ನನ್ನ ತಲೆ ನೋಡಿ” ಎನ್ನುತ್ತಿದ್ದೆ. ಆ ಹುಡುಗಿಯ ತಾಯಿಗೂ ಹಾಗೆಯೇ ಹೇಳಿದ್ದು. ಮಗಳ ತಲೆಯನ್ನು ನಾನು ನೋಡಿರಲಿಲ್ಲ. ಅಲ್ಲಿ ಮೊದಲೇ ಹೊಟ್ಟು, ನವೆ, ಕೆಂಪು ಇದೆಯೇ ಎಂದು ಒಂದು ಮಾತೂ ಕೇಳಿರಲಿಲ್ಲ.

ಮರುದಿನವೇ ತಾಯಿ-ಮಗಳನ್ನು ಕರೆದುಕೊಂಡು ತರೀಕೆರೆಗೆ ಹೋದೆ. ಅಲ್ಲಿಗೆ ವಾರಕ್ಕೊಮ್ಮೆ ಬರುವ ಚರ್ಮರೋಗದ ಡಾಕ್ಟರಮ್ಮ ಒಬ್ಬರಿದ್ದರು. ಅವರು ಹುಡುಗಿಯ ಕೂದಲನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ಬಿಡಿಸಿ ನೋಡಿದರು. ನಾನು ಅಂಜುತ್ತಲೇ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಗದರಲಿಲ್ಲ.

“ಮೊದಲು ಈ ತಲೆಗೆ ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ. ಅರ್ಧ ಮದ್ದು ಅದೇ” ಎಂದರು.

ಆ ಮೇಲೆ ಅವರು ವಿವರಿಸಿದ್ದನ್ನು ನಾನು ಪಾಠದಂತೆ ಕೇಳಿದೆ. ನೆತ್ತಿಯೂ ಚರ್ಮವೇ. ಕೆನ್ನೆಗೆ ಹಚ್ಚಲು ಹೆದರುವುದನ್ನು ತಲೆಗೆ ಹಚ್ಚಬಾರದು. ಎಲ್ಲರ ತಲೆಯ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ ಇರುತ್ತದೆ. ಚರ್ಮದಿಂದ ಒಸರುವ ಜಿಡ್ಡೇ ಅದರ ಆಹಾರ. ಕೆಲವರಿಗೆ ಅದು ಹೆಚ್ಚಾಗಿ, ಚರ್ಮ ಸಿಟ್ಟಿಗೆದ್ದು, ಹೊಟ್ಟು, ನವೆ, ಕೆಂಪು ಕಾಣಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಇದು ಹೆಚ್ಚು. ಈ ಹುಡುಗಿಗೆ ಇದ್ದದ್ದು ಅದೇ. ಆ ಸಿಟ್ಟಾದ ಚರ್ಮದ ಮೇಲೆ ಈರುಳ್ಳಿಯ ಖಾರ, ನಿಂಬೆಯ ಹುಳಿ ಬಿದ್ದು ಸುಟ್ಟಂತಾಗಿತ್ತು. ಅದರ ಮೇಲೆ ಉಗುರಿನಿಂದ ಕೆರೆದದ್ದು ಬೇರೆ. ಕೆರೆಯುವಾಗ ಕೂದಲು ತುಂಡಾಗುತ್ತದೆ, ಉರಿಯೂತ ಬಹಳ ಕಾಲ ಉಳಿದರೆ ಬೇರೂ ಸಡಿಲವಾಗುತ್ತದೆ.

“ಹಾಗಾದರೆ ನನ್ನ ಕೂದಲು ಈರುಳ್ಳಿಯಿಂದ ಬರಲಿಲ್ಲವೇ?” ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೂದಲುಗಳಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. 2-3 ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಂತು ಮತ್ತೆ ಚಿಗುರುತ್ತವೆ. ಮೇ ತಿಂಗಳ ಜ್ವರಕ್ಕೆ ಆಗಸ್ಟ್‌ನಲ್ಲಿ ಕೂದಲು ಉದುರಿತ್ತು, ಡಿಸೆಂಬರ್‌ಗೆ ಚಿಗುರಿತ್ತು. ಲೆಕ್ಕ ಸರಿಯಾಗಿತ್ತು. ಈರುಳ್ಳಿ ಹಚ್ಚದಿದ್ದರೂ ಬರುತ್ತಿತ್ತು.

ಈರುಳ್ಳಿಯ ಮಾತು ಪೂರ್ತಿ ಸುಳ್ಳೂ ಅಲ್ಲ. 2002ರಲ್ಲಿ ಬಾಗ್ದಾದಿನ ವೈದ್ಯರು ಒಂದು ಸಣ್ಣ ಪ್ರಯೋಗವನ್ನು ಪ್ರಕಟಿಸಿದ್ದರು. 23 ಮಂದಿಗೆ ದಿನಕ್ಕೆ 2 ಸಲ ಈರುಳ್ಳಿ ರಸ ಹಚ್ಚಿದಾಗ 6 ವಾರಗಳಲ್ಲಿ 20 ಮಂದಿಗೆ ಕೂದಲು ಚಿಗುರಿತ್ತು. ಆದರೆ ಅವರೆಲ್ಲರಿಗೂ ಇದ್ದದ್ದು ನಾಣ್ಯದಂತೆ ದುಂಡಗೆ ಕೂದಲು ಉದುರಿ ನುಣ್ಣಗಾಗುವ ಬೇರೆಯೇ ಕಾಯಿಲೆ. ಅದು ಹಲವರಿಗೆ ಮದ್ದಿಲ್ಲದೆಯೂ ವಾಸಿಯಾಗುತ್ತದೆ. ಹೊಟ್ಟು ತುಂಬಿದ, ಕೆಂಪಾದ, ಗಾಯವಾದ ತಲೆಗೆ ಆ ಪ್ರಯೋಗ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಲ್ಲೋ ಯಾವುದೋ ರೋಗಕ್ಕೆ ಮಾಡಿದ್ದು ಬಾಯಿಂದ ಬಾಯಿಗೆ ಬಂದು ನಮ್ಮ ಅಡುಗೆಮನೆ ತಲುಪುವಾಗ ಎಲ್ಲ ರೋಗಕ್ಕೂ ಮದ್ದಾಗಿರುತ್ತದೆ.

ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ಒಂದು ಹದೀಸ್ ಮನಸ್ಸನ್ನು ಚುಚ್ಚುತ್ತಿತ್ತು. ವೈದ್ಯ ತಿಳಿಯದೆ ವೈದ್ಯ ಮಾಡಿದವನು ಅದರಿಂದಾದ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಮದ್ರಸದಲ್ಲಿ ನಾನದನ್ನು ಬಾಯಿಪಾಠ ಮಾಡಿದ್ದೆ, ಮಕ್ಕಳಿಗೂ ಮಾಡಿಸಿದ್ದೆ. ಆಗೆಲ್ಲ ನನ್ನ ಕಣ್ಣಮುಂದೆ ಬರುತ್ತಿದ್ದುದು ಸಂತೆಯಲ್ಲಿ ಬಾಟಲಿ ಜೋಡಿಸಿಕೊಂಡು ಕೂತ ನಕಲಿ ವೈದ್ಯ. ತಾಯಂದಿರ ಸಭೆಯಲ್ಲಿ ನಗುನಗುತ್ತಾ ಸಲಹೆ ಕೊಡುವ ಟೀಚರೂ ಆ ಮಾತಿನೊಳಗೆ ಬರುತ್ತಾಳೆಂದು ಹೊಳೆದೇ ಇರಲಿಲ್ಲ.

ಆಗ ನೆನಪಾದವರು ತರೀಕೆರೆಯ ನಮ್ಮ ನಾನಿಮಾ. ಅವರಿಗೆ ಓದು ಬರುತ್ತಿರಲಿಲ್ಲ. ಕೂದಲು ಮಾತ್ರ ಕೊನೆಯವರೆಗೂ ಸೊಂಟದವರೆಗಿತ್ತು. ಶುಕ್ರವಾರದ ಸ್ನಾನಕ್ಕೆ ಗುರುವಾರ ರಾತ್ರಿಯೇ ಸೀಗೆಕಾಯಿ, ಅಂಟುವಾಳದ ಕಾಯಿ ನೆನೆಹಾಕುತ್ತಿದ್ದರು. ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ ಬರೀ ರಸವನ್ನು ಬಳಸುತ್ತಿದ್ದರು. ನಾವು ಪುಡಿಯನ್ನೇ ತಲೆಗೆ ತಿಕ್ಕಲು ಹೋದರೆ “ನೆತ್ತಿ ಏನು ತಪ್ಪಲೆಯಾ?” ಎಂದು ಕೈಗೆ ಹೊಡೆಯುತ್ತಿದ್ದರು. ದಾಸವಾಳದ ಎಲೆ ಹಿಂಡಿ ಲೋಳೆ ತೆಗೆಯುತ್ತಿದ್ದರು. ಯಾವುದನ್ನೇ ಹೊಸದಾಗಿ ಹಚ್ಚುವಾಗಲೂ ಮೊದಲು ನಮ್ಮ ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಸವರಿ, ಎರಡು ದಿನ ಕಾಯುತ್ತಿದ್ದರು. ತಲೆಯಲ್ಲಿ ಹುಣ್ಣಾಗಿದ್ದರೆ ಎಣ್ಣೆ ಬಾಟಲಿಯನ್ನೇ ಮುಟ್ಟಗೊಡುತ್ತಿರಲಿಲ್ಲ. “ಗಾಯ ಆರಲಿ, ಆಮೇಲೆ ಸಿಂಗಾರ” ಎನ್ನುತ್ತಿದ್ದರು. ನಾವು ಹಿರಿಯರಿಂದ ಮದ್ದಿನ ಪಟ್ಟಿಯನ್ನು ಮಾತ್ರ ಕಲಿತು, ಯಾವಾಗ ಹಚ್ಚಬಾರದು ಎಂಬ ಅವರ ವಿವೇಕವನ್ನು ಮರೆತಿದ್ದೇವೆ.

ಆ ಹುಡುಗಿಯ ತಲೆಯನ್ನು ನಾವು ಹೇಗೆ ಶಾಂತಗೊಳಿಸಿದೆವು ಎಂಬುದನ್ನು ಹೇಳುತ್ತೇನೆ. ಈರುಳ್ಳಿ, ನಿಂಬೆ, ಎಣ್ಣೆ ಎಲ್ಲ ನಿಂತವು. ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರು. ಉಗುರು ಕತ್ತರಿಸಿದೆವು. ಡಾಕ್ಟರಮ್ಮ ಕೆಲವೇ ದಿನಗಳಿಗೆಂದು ಒಂದು ಹಚ್ಚುವ ಔಷಧಿಯನ್ನೂ, ಗಾಯ ಆರಿದ ಮೇಲೆ ವಾರಕ್ಕೆ ಎರಡು ಸಲ ಹಾಕಲು ಕೀಟೊಕೊನಜೋಲ್ ಇರುವ ಶಾಂಪೂವನ್ನೂ ಬರೆದುಕೊಟ್ಟರು. ಆ ಶಾಂಪೂ ಹಾಕಿದ ಕೂಡಲೇ ತೊಳೆಯಬಾರದು, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಬಾಚಣಿಗೆ, ಟವೆಲು, ದಿಂಬಿನ ಬಟ್ಟೆ ಬೇರೆ ಮಾಡಿದೆವು. ತಲೆವಸ್ತ್ರದ ವಿಷಯದಲ್ಲಿಯೂ ಒಂದು ತಿದ್ದುಪಡಿ ಬೇಕಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ನೈಲಾನ್ ವಸ್ತ್ರ ಸುತ್ತಿಕೊಂಡು ಶಾಲೆಗೆ ಓಡುತ್ತಿದ್ದಳು. ಸಂಜೆಯವರೆಗೆ ಒಳಗೆ ತೇವ, ಬೆವರು. ತಪ್ಪು ತಲೆವಸ್ತ್ರದ್ದಲ್ಲ, ಒದ್ದೆಯದು ಮತ್ತು ಬಿಗಿಯದು. ರಾತ್ರಿಯೇ ಸ್ನಾನ ಮಾಡಿ ಪೂರ್ತಿ ಒಣಗಿಸುವುದು, ಹತ್ತಿಯ ವಸ್ತ್ರ ಬಳಸಿ ದಿನಾ ಒಗೆಯುವುದು, ಮನೆಗೆ ಬಂದ ಕೂಡಲೇ ಕೂದಲು ಬಿಚ್ಚಿ ಗಾಳಿಗೆ ಬಿಡುವುದು ರೂಢಿಯಾಯಿತು. ಹಣೆಯ ಬಳಿ ಕೂದಲು ತೆಳ್ಳಗಾಗಲು ಎಳೆದು ಹೆಣೆಯುವ ಜಡೆಯೂ ಒಂದು ಕಾರಣವಂತೆ. ಜಡೆ ಸಡಿಲಿಸಿದೆವು.

ಮನೆಮದ್ದು ಬೇಡವೇ ಬೇಡ ಎಂದೇನೂ ಡಾಕ್ಟರಮ್ಮ ಹೇಳಲಿಲ್ಲ. ಗಾಯ ಆರಿ ಬರೀ ನವೆ ಉಳಿದಾಗ ಲೋಳೆಸರದ ತಿರುಳನ್ನು ಹಚ್ಚಬಹುದು ಎಂದರು. ಆದರೆ ಎಲೆ ಕೊಯ್ದ ಮೇಲೆ ಸೋರುವ ಹಳದಿ ರಸವನ್ನು ಪೂರ್ತಿ ಹರಿಯಬಿಟ್ಟು ತೊಳೆಯಬೇಕು, ಅದು ಚರ್ಮಕ್ಕೆ ಉರಿ. ನೆನೆಸಿ ರುಬ್ಬಿದ ಮೆಂತ್ಯ ತಂಪೆನಿಸುತ್ತದೆ, ಆದರೆ ಒಣಗಿ ಅಂಟುವ ಮೊದಲೇ ತೊಳೆಯಬೇಕು. ಕೆಲವರಿಗೆ ಮೆಂತ್ಯವೂ ಒಗ್ಗುವುದಿಲ್ಲ. ಕೊಬ್ಬರಿ ಎಣ್ಣೆಯ ಬಗ್ಗೆ ನಾನು ವಾದಕ್ಕೇ ನಿಂತೆ. ತೆಂಗಿನ ಸೀಮೆಯಾದ ಕಡೂರಿನಲ್ಲಿ ಬದುಕುವವರು ಎಣ್ಣೆ ಬಿಡುವುದು ಹೇಗೆ? ಕೊಬ್ಬರಿ ಎಣ್ಣೆ ಕೂದಲಿನ ಎಳೆಯನ್ನು ಸವೆಯದಂತೆ ಕಾಪಾಡುತ್ತದೆ ಎಂಬುದನ್ನು ಎಣ್ಣೆ ಕಂಪೆನಿಯೊಂದರ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಆದರೆ ಎಳೆಗೆ ಒಳ್ಳೆಯದೆಂದರೆ ಬೇರಿಗೆ ಮದ್ದೆಂದಲ್ಲ. ಹೊಟ್ಟು, ಕೆಂಪು ಇರುವ ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಶಿಲೀಂಧ್ರಕ್ಕೆ ಔತಣ. ಬೇಕಾದವರು ಕೂದಲಿನ ತುದಿಗೆ ಮಾತ್ರ ಹಚ್ಚಿಕೊಳ್ಳಲಿ ಎಂದರು. ಬೋರ್‌ವೆಲ್ ನೀರಿನ ಮಾತಿಗೆ, ಗಡಸು ನೀರಿನಲ್ಲಿ ಸೋಪು ಹಾಕಿದರೆ ಜಿಡ್ಡಿನ ಪದರ ಕೂದಲಿಗೆ ಅಂಟಿ ಒರಟಾಗುತ್ತದೆ, ಆದ್ದರಿಂದ ತಲೆಗೆ ಸೋಪು ಬೇಡ, ಸಾಧ್ಯವಾದರೆ ಕೊನೆಯ ಚೊಂಬು ಮಳೆನೀರಿನದಿರಲಿ ಎಂದರು.

ಮೆಹಂದಿಯ ಬಗ್ಗೆಯೂ ಒಂದು ಮಾತು. ಗಿಡದ ಎಲೆಯ ಮೆಹಂದಿ ಕೊಡುವುದು ಕೆಂಗಂದು ಬಣ್ಣ ಮಾತ್ರ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪು ಬಣ್ಣ ಕೊಡುವ “ಕಪ್ಪು ಮೆಹಂದಿ” ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಸೇರಿರುತ್ತದೆ. ಅದು ಒಗ್ಗದವರಿಗೆ ನೆತ್ತಿ ಉರಿದು, ಗುಳ್ಳೆಯೆದ್ದು, ಮುಖ-ಕಣ್ಣು ಊದಿಕೊಳ್ಳಬಹುದು. ಹಬ್ಬದ ಹಿಂದಿನ ದಿನ ಅವಸರದಲ್ಲಿ ಹಚ್ಚಿಕೊಳ್ಳುವ ಸಹೋದರಿಯರು ಪೊಟ್ಟಣದ ಮೇಲಿನ ಬರಹವನ್ನು ಓದಿದರೆ ಒಳ್ಳೆಯದು.

ಇಷ್ಟಾದರೂ ಕೂದಲು ತೆಳ್ಳಗಾದದ್ದಕ್ಕೆ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. ಡಾಕ್ಟರಮ್ಮ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8.4 ಇತ್ತು. ಆ ವಯಸ್ಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. “ಮೂರು ಮಹಡಿ ಹತ್ತಿದರೆ ಸುಸ್ತಾಗ್ತೀಯಾ?” ಎಂದು ಕೇಳಿದರು. “ಒಂದಕ್ಕೇ ಆಗುತ್ತೆ” ಎಂದಳು ಹುಡುಗಿ. ಮುಟ್ಟಿನ ದಿನಗಳಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದುದನ್ನು ತಾಯಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು, ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಎಸೆಯುತ್ತಿದ್ದಳು. ಬೆಳಿಗ್ಗೆ ಬರೀ ಚಹಾ, ರಸ್ಕು.

ಇದು ಒಬ್ಬ ಹುಡುಗಿಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು 100ಕ್ಕೆ 48 ಮಂದಿಗೆ ರಕ್ತಹೀನತೆಯಿದೆ. ದೇಶದಲ್ಲಿ ಅದು 57. ಪ್ರಾಣಕ್ಕೆ ಬೇಕಾದ ಅಂಗಗಳಿಗೇ ಕಬ್ಬಿಣಾಂಶ ಸಾಲದಿರುವಾಗ ದೇಹ ಕೂದಲಿಗೆ ಎಲ್ಲಿಂದ ಕೊಡಬೇಕು? ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಸಾರಿನಲ್ಲಿ ಎರಡು ತುತ್ತು ಉಣ್ಣುವ ನಮ್ಮ ರೂಢಿ ಮೊದಲು ಕಾಣುವುದು ಬಾಚಣಿಗೆಯಲ್ಲಿ. ನಾವು ಮಾತ್ರ ಬಾಚಣಿಗೆಯನ್ನು ನೋಡಿ ಎಣ್ಣೆಯ ಅಂಗಡಿಗೆ ಓಡುತ್ತೇವೆ.

ಡಾಕ್ಟರಮ್ಮ ಹುಳುವಿನ ಮಾತ್ರೆ, ಮೂರು ತಿಂಗಳಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುತ್ತದೆ ಎಂದರು. ತಲೆಯನ್ನು ಸುಟ್ಟಿದ್ದ ನಿಂಬೆಹಣ್ಣಿಗೆ ತಟ್ಟೆಯಲ್ಲಿ ಸರಿಯಾದ ಜಾಗ ಸಿಕ್ಕಿತು! ಹುರುಳಿ ಸಾರು, ನುಗ್ಗೆಸೊಪ್ಪು, ಮೊಟ್ಟೆ, ವಾರಕ್ಕೊಮ್ಮೆ ಸ್ವಲ್ಪ ಈಲಿ. ದುಬಾರಿಯದೇನೂ ಇರಲಿಲ್ಲ. ತಾಯಿ ಮಗಳಿಗೆ ಮೊದಲು ಬಡಿಸಲು ಶುರು ಮಾಡಿದರು, ಅಷ್ಟೇ.

ಹತ್ತು ದಿನಕ್ಕೆ ಉರಿ ಇಳಿಯಿತು. ಒಂದು ತಿಂಗಳಿಗೆ ನೆತ್ತಿ ತಿಳಿಯಾಯಿತು. ಕೂದಲಿಗೆ ಮಾತ್ರ ಕಾಯಬೇಕಾಯಿತು. ಅದು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. 2023ರ ರಮಝಾನ್ ಕಳೆದು ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಹಣೆಯ ಮೇಲೆ ಗರಿಕೆಯಂತೆ ಸಣ್ಣ ಕೂದಲು ನಿಂತಿತ್ತು. ಅವಳು ಎರಡನೆಯ ಸಾಲಿಗೆ ಮರಳಿದ್ದಳು.

ಎಲ್ಲ ತಲೆಗಳೂ ಹೀಗೆ ಸುಲಭವಾಗಿ ಗುಣವಾಗುವುದಿಲ್ಲ. ಮಕ್ಕಳ ತಲೆಯಲ್ಲಿ ದುಂಡಗೆ ಹೊಟ್ಟೆದ್ದು ಕೂದಲು ಬುಡದಲ್ಲೇ ತುಂಡಾಗಿದ್ದರೆ ಅದು ಗಜಕರ್ಣವಿರಬಹುದು. ಅದಕ್ಕೆ ನುಂಗುವ ಔಷಧಿಯೇ ಬೇಕು, ಮನೆಯ ಉಳಿದ ಮಕ್ಕಳಿಗೂ ಹರಡುತ್ತದೆ. ಕೀವು, ಜ್ವರ, ಕತ್ತಿನಲ್ಲಿ ಗಡ್ಡೆ, ಕೂದಲು ಹೋದ ಜಾಗ ನುಣ್ಣಗೆ ಹೊಳೆಯುವುದು, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುವುದು, ಕೂದಲಿನ ಜೊತೆ ಸುಸ್ತು, ತೂಕದ ಏರುಪೇರು, ಮುಟ್ಟಿನ ಏರುಪೇರು, ಇವಿದ್ದರೆ ದಯವಿಟ್ಟು ಅಡುಗೆಮನೆಯ ಕಪಾಟು ತೆರೆಯಬೇಡಿ, ವೈದ್ಯರ ಬಳಿ ಹೋಗಿ. ಥೈರಾಯಿಡ್ ಮತ್ತು ರಕ್ತದ ಪರೀಕ್ಷೆ ಮಾಡಿಸಿ. ನಮ್ಮ ಕೂದಲು ಪರದೆಯೊಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ತಾಯಂದಿರು ವಾರಕ್ಕೊಮ್ಮೆಯಾದರೂ ಹೆಣ್ಣುಮಕ್ಕಳ ತಲೆಯನ್ನು ಬೆಳಕಿನಲ್ಲಿ ಬಿಡಿಸಿ ನೋಡಬೇಕು. ಕೂದಲಿರುವವರು ಅದನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ? ಮರೆಯಲ್ಲಿರುವ ಕೂದಲಿಗೂ ಆ ಗೌರವ ಸಲ್ಲಬೇಕು.

ಮುಂದಿನ ತಾಯಂದಿರ ಸಭೆಯಲ್ಲಿ ನಾನು ಎದ್ದು ನಿಂತು, ಯಾರ ಹೆಸರನ್ನೂ ಹೇಳದೆ, ನನ್ನ ತಪ್ಪನ್ನು ಹೇಳಿದೆ. ಈರುಳ್ಳಿ ರಸದ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ನನ್ನ ಮಾತು ಕೇಳಿ ಯಾರಿಗಾದರೂ ತೊಂದರೆಯಾಗಿದ್ದರೆ ಕ್ಷಮಿಸಿ ಎಂದೆ. ಗಂಟಲು ಕಟ್ಟಿತು. ಸಭೆ ಮುಗಿದ ಮೇಲೆ ಹುಡುಗಿಯ ತಾಯಿ ಬಂದು ಕೈ ಹಿಡಿದುಕೊಂಡರು. “ನೀವು ಒಳ್ಳೆಯದಕ್ಕೇ ಹೇಳಿದ್ದು ಆಪಾ” ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ, ನಿಜ. ಆದರೆ ಆ ಮಗುವಿನ ನೆತ್ತಿ ಸುಟ್ಟದ್ದೂ ನಿಜ. ಈಗಲೂ ಹೆಂಗಸರು ಕೂದಲಿಗೆ ಏನು ಹಚ್ಚಲಿ ಎಂದು ಕೇಳುತ್ತಾರೆ. ನಾನು ಮೊದಲು “ತಲೆ ತೋರಿಸಿ” ಎನ್ನುತ್ತೇನೆ. ಆಮೇಲೆ “ಬೆಳಿಗ್ಗೆ ಏನು ತಿಂದಿರಿ?” ಎಂದು ಕೇಳುತ್ತೇನೆ. ಅದಕ್ಕಿಂತ ಮುಂದಿನದು ನನಗೆ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನುತ್ತೇನೆ. ಹಾಗೆ ಹೇಳಲು ಅಲ್ಲಾಹನು ನನ್ನ ನಾಲಿಗೆಗೆ ಶಕ್ತಿ ಕೊಟ್ಟಿರಲಿ.